ಖಾಲಿ ಗೋಣಿ

"ಗೋಣಿಯಲ್ಲಿ ಎಂತ ಇತ್ತು?"

ಉಪ್ಪಳದ ಮೀನು ಮಾರ್ಕೆಟಿನ ಹಿಂದೆ ನಿಂತಿದ್ದ ವಿಜೇತ್, ನಮಿತಾಳ ಸ್ವರ ಕೇಳಿ ಬೆಚ್ಚಿ ತಿರುಗಿದ. ಅವರಿಬ್ಬರ ಮದುವೆಗೆ ಉಳಿದಿದ್ದದ್ದು ಕೆಲವೇ ವಾರ. ಅವನ ಕೈಯಲ್ಲಿ ಖಾಲಿ ಗೋಣಿ, ಸುತ್ತ ಮೀನಿನ ತಲೆಗೆ ಕಿತ್ತಾಡುವ ಬೆಕ್ಕುಗಳು.

ಆ ಜಾಗದಲ್ಲಿ ಖಾಲಿ ಗೋಣಿ ಎಂದರೆ ಯಾರೂ ವಿವರಿಸಿ ಹೇಳಬೇಕಿಲ್ಲ. ಬೇಡವಾದ ಬೆಕ್ಕನ್ನು ದಾರಿ ಕಾಣದಂತೆ ಗೋಣಿಯಲ್ಲಿ ಕಟ್ಟಿ ತಂದು ಅಲ್ಲಿ ಬಿಡುವುದು ಆ ಕಡೆಯ ವಾಡಿಕೆ. ದಾರಿ ಕಂಡರೆ ಬೆಕ್ಕು ತಿರುಗಿ ಬರುತ್ತದಂತೆ. ಹೊಟ್ಟೆಗಾದರೂ ಸಿಗುತ್ತದಲ್ಲ ಎಂದು ಬಿಟ್ಟವರು ಸಮಾಧಾನ ಮಾಡಿಕೊಳ್ಳುತ್ತಾರೆ.

ನಮಿತಾಳ ಬೆಕ್ಕು ಬೊಳ್ಳಿ ಬೆಳಿಗ್ಗೆಯಿಂದ ಮನೆಯಲ್ಲಿರಲಿಲ್ಲ. ಅದನ್ನು ಹುಡುಕುತ್ತಲೇ ಅವಳು ಅಲ್ಲಿಗೆ ಬಂದಿದ್ದಳು.

"ನಿಮ್ಮ ಅಮ್ಮನಿಗೆ ದಮ್ಮು, ಬೆಕ್ಕಿನ ರೋಮ ಆಗುವುದಿಲ್ಲ ಅಂತ ಹೇಳಿದ್ರಲ್ಲ... ಅದಕ್ಕೇ ಬಿಟ್ರಾ?"

"ನಾನು ಬಿಟ್ಟದ್ದಲ್ಲ ನಮಿ."

"ಮತ್ತೆ ಯಾರು? ಈ ಗೋಣಿ ಎಂತಕ್ಕೆ?"

ವಿಜೇತ್ ನೆಲ ನೋಡಿದ. "ಅದೊಂದು ಕೇಳಬೇಡ."

ಬೊಳ್ಳಿ ಬರಿಯ ಬೆಕ್ಕಾಗಿದ್ದರೆ ಅವಳು ಕ್ಷಮಿಸುತ್ತಿದ್ದಳೋ ಏನೋ. ಅದು ಅವಳ ತಮ್ಮ ಸುಜನ್ ಎತ್ತಿ ತಂದ ಬೆಳ್ಳನೆಯ ಮರಿ. ಸಂಜೆ ಕೆಲಸದಿಂದ ಬಂದವನೇ ಅವನು ಬೈಕಿನ ಕೀಲಿಕೈಯಿಂದ ಸ್ಟೀಲ್ ತಟ್ಟೆಗೆ ಟಣ್ ಟಣ್ ಎಂದು ಬಡಿಯುತ್ತಿದ್ದ. ಬೊಳ್ಳಿ ಯಾವ ಮೂಲೆಯಲ್ಲಿದ್ದರೂ ಓಡಿ ಬರುತ್ತಿತ್ತು. ಕಳೆದ ವರ್ಷ ಜ್ವರವೆಂದು ಮಲಗಿದ ಸುಜನ್ ಮತ್ತೆ ಏಳಲಿಲ್ಲ. ಅಂದಿನಿಂದ ಸಂಜೆಯಾದರೆ ಬೊಳ್ಳಿ ಗೇಟಿನ ಬಳಿ ಕೂತು ಕೂಗುತ್ತಿತ್ತು.

ಅಲ್ಲೆಲ್ಲ ಎಷ್ಟು ಕರೆದರೂ ಬೊಳ್ಳಿ ಕಾಣಲಿಲ್ಲ. ನಮಿತಾ ನಿಶ್ಚಿತಾರ್ಥದ ಉಂಗುರ ಕಳಚಿ ವಿಜೇತನ ಕೈಗಿಟ್ಟಳು.

"ಒಂದು ಬೆಕ್ಕಿಗೋಸ್ಕರ ಮದುವೆ ಬಿಡ್ಲಿಕ್ಕುಂಟಾ?" ಎಂದು ನೆಂಟರು ಆಡಿಕೊಂಡರು. ಅವಳ ಮನಸ್ಸಿನಲ್ಲಿದ್ದದ್ದು ಒಂದೇ ಪ್ರಶ್ನೆ. 'ಸುಜನ್ ಬಿಟ್ಟುಹೋದ ಒಂದೇ ಜೀವವನ್ನು ಹೊರಗೆ ಹಾಕಿದವರ ಮನೆಗೆ ನಾನು ಹೇಗೆ ಹೋಗಲಿ?'

ಮಳೆಗಾಲ ಬಂತು, ಹೋಯಿತು.

ನಮಿತಾಳ ಅಮ್ಮ ಮಾತ್ರ ಪ್ರತಿ ಸಂಜೆ ಮೆಟ್ಟಿಲ ಮೇಲೆ ಬೊಳ್ಳಿಯ ಆ ತಟ್ಟೆಯಲ್ಲಿ ಮೀನು ಹಾಕಿಡುತ್ತಿದ್ದರು. ಕಾಗೆಗಳು ತಿಂದು ಹೋಗುತ್ತಿದ್ದವು.

"ಬೊಳ್ಳಿ ಇಲ್ಲವಲ್ಲ ಅಮ್ಮ, ಯಾರಿಗೆ ಹಾಕುವುದು?" ಎಂದು ಒಂದು ಸಂಜೆ ನಮಿತಾ ಕೇಳಿಯೇಬಿಟ್ಟಳು.

ಅಮ್ಮ ಮೆಟ್ಟಿಲ ಮೇಲೆ ತಟ್ಟೆಯ ಪಕ್ಕ ಕೂತರು.

"ನಾನೇ ಬಿಡಿಸಿದ್ದು ಮಗಾ... ಅದು ಗೇಟಿನ ಹತ್ರ ಕೂತು ಅವನನ್ನೇ ಕರೀತಿತ್ತು. ನನಗೆ ಕೇಳ್ಲಿಕ್ಕೆ ಆಗ್ಲಿಲ್ಲ. ಗೋಣಿಯಲ್ಲಿ ಕಟ್ಟಿ ರಿಕ್ಷಾದವನ ಕೈಯಲ್ಲಿ ಮಾರ್ಕೆಟಿಗೆ ಕಳಿಸಿದೆ. ಮಧ್ಯಾಹ್ನ ಆಗುವಾಗ ಮನಸ್ಸು ತಡೀದೆ ವಿಜೇತನಿಗೆ ಫೋನ್ ಮಾಡಿದೆ, ಹೇಗಾದ್ರೂ ವಾಪಸ್ ತಾ, ನಮಿಗೆ ಹೇಳಬೇಡ ಅಂತ. ಆಮೇಲೆ ನಾನು ಬಾಯಿ ಬಿಟ್ಟರೆ ನೀನೂ ನನ್ನನ್ನು ಬಿಟ್ಟು ಹೋಗ್ತೀ ಅಂತ ಹೆದರಿದೆ."

ಗೋಣಿ ಖಾಲಿ ಇದ್ದದ್ದು ಬೆಕ್ಕನ್ನು ಬಿಟ್ಟದ್ದಕ್ಕಲ್ಲ, ಅದು ಸಿಗದೇ ಹೋದದ್ದಕ್ಕೆ!

ಅಮ್ಮನನ್ನು ಬೈಯಲು ನಮಿತಾಳಿಗೆ ಬಾಯಿ ಬರಲಿಲ್ಲ. ಸಂಜೆ ಬೊಳ್ಳಿ ಕೂಗುವ ಹೊತ್ತಿಗೆ ಸರಿಯಾಗಿ, ಅದು ಕೇಳದಿರಲೆಂದು ಟಿವಿಯ ಸದ್ದು ಏರಿಸುತ್ತಿದ್ದವಳು ತಾನೇ ಅಲ್ಲವೇ... ಅವಳು ಅಮ್ಮನ ಪಕ್ಕ ಕೂತು ಆ ಕೈಯನ್ನು ಹಿಡಿದುಕೊಂಡಳು.

ಮರುದಿನ ಬೆಳಿಗ್ಗೆ ಅವಳು ತಟ್ಟೆ, ಕೀಲಿಕೈ ತೆಗೆದುಕೊಂಡು ಮಾರ್ಕೆಟಿಗೆ ಹೋದಳು.

"ಆ ಗೋಣಿಯ ಹುಡುಗನನ್ನು ಹುಡುಕುವುದಾ?" ಮೀನು ಕೊಯ್ಯುತ್ತಿದ್ದ ಸಮದಾಕ ಕೇಳಿದರು. "ಅಲ್ಲೇ ಹಿಂದೆ ಇದ್ದಾನೆ. ವಾರ ವಾರ ಬರ್ತಾನೆ, ಮೀನು ಹಾಕ್ತಾನೆ. ಆದರೆ ಆ ಗೋಣಿ ಕಂಡ ಕೂಡಲೇ ಬೆಕ್ಕುಗಳೆಲ್ಲ ಓಟ ಮಾರಾಯ್ತಿ."

ವಿಜೇತ್ ಕಟ್ಟೆಯ ಮೇಲೆ ಕೂತಿದ್ದ. ಸೊರಗಿದ್ದ. ಅವಳನ್ನು ಕಂಡು ಎದ್ದು ನಿಂತ.

"ಅಮ್ಮ ಎಲ್ಲ ಹೇಳಿದ್ರು. ನೀವು ಯಾಕೆ ಹೇಳ್ಲಿಲ್ಲ?"

"ಅವರು ಮಗನನ್ನು ಕಳಕೊಂಡವರು. ಮಗಳೂ ಮುಖ ತಿರುಗಿಸಿದ್ರೆ ಅವರಿಗೆ ಯಾರುಂಟು?" ಅವನು ತಡೆದು ಹೇಳಿದ. "ನನ್ನ ಮೇಲೆ ಸಿಟ್ಟಿದ್ರೆ ನಾನು ತಡಕೊಳ್ತೇನೆ ಅಂತ ಗ್ರಹಿಸಿದ್ದೆ. ಅಷ್ಟು ಸುಲಭ ಇರ್ಲಿಲ್ಲ."

ನಮಿತಾಳ ಕಣ್ಣು ತುಂಬಿತು. ಅವನ ಕೈಯಿಂದ ಗೋಣಿ ತೆಗೆದು ಮಡಚಿ ದೂರವಿಟ್ಟಳು.

"ಅದನ್ನು ತಂದದ್ದೇ ಗೋಣಿಯಲ್ಲಿ. ಇದನ್ನು ಕಂಡರೆ ಬರ್ತದಾ?"

ನೆಲದಲ್ಲಿ ಕೂತು, ತಮ್ಮನ ಕೀಲಿಕೈಯಿಂದ ತಟ್ಟೆಗೆ ಬಡಿದಳು. ಟಣ್ ಟಣ್... ಒಂದೆರಡು ಬೆಕ್ಕುಗಳು ತಲೆಯೆತ್ತಿ ಸುಮ್ಮನಾದವು. ಮತ್ತೆ ಬಡಿದಳು. ಬಡಿಯುತ್ತಲೇ ಇದ್ದಳು.

ಮೀನಿನ ಖಾಲಿ ಪೆಟ್ಟಿಗೆಗಳ ಸಂದಿಯಿಂದ ಬಡಕಲು ಬೆಕ್ಕೊಂದು ಓಡೋಡಿ ಬಂತು. ಬಿಳಿ ಬಣ್ಣ ಮಾಸಿತ್ತು, ಒಂದು ಕಿವಿ ಹರಿದಿತ್ತು.

ಬೊಳ್ಳಿ!

ಅದು ತಟ್ಟೆ ಮೂಸಿತು. ಕೀಲಿಕೈ ಮೂಸಿತು. ನಮಿತಾಳನ್ನು ದಾಟಿ ಅವಳ ಹಿಂದೆ ನೋಡಿತು. ಯಾರೂ ಇರಲಿಲ್ಲ. ಗೇಟಿನಲ್ಲಿ ಕೂಗುತ್ತಿದ್ದ ಹಾಗೆಯೇ ಒಮ್ಮೆ ಕೂಗಿತು.

"ಅವನು ಬರುವುದಿಲ್ಲ ಬೊಳ್ಳಿ..." ತಮ್ಮ ಹೋದ ಮೇಲೆ ಆ ಮಾತನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಬೆಕ್ಕನ್ನು ಅಪ್ಪಿಕೊಂಡು ಮಾರ್ಕೆಟಿನವರೆಲ್ಲ ನೋಡುತ್ತಿದ್ದರೂ ಬಿಕ್ಕಿ ಬಿಕ್ಕಿ ಅತ್ತಳು. ವಿಜೇತ್ ಪಕ್ಕದಲ್ಲೇ ಕೂತಿದ್ದ.

ಅಳು ನಿಂತ ಮೇಲೆ ಅವನು ಮೆಲ್ಲನೆ ಕೇಳಿದ. "ಗೋಣಿಯಲ್ಲಿ ಹಾಕುವುದಾ? ಸ್ಕೂಟರಿನಿಂದ ಹಾರಿದರೆ ಕಷ್ಟ."

"ಬೇಡ. ನಾನು ಗಟ್ಟಿ ಹಿಡ್ಕೊಳ್ತೇನೆ. ಈ ಸಲ ದಾರಿ ನೋಡಿಕೊಂಡೇ ಬರ್ಲಿ. ಅಮ್ಮ ಗೇಟಿನಲ್ಲಿ ಕಾಯ್ತಿದ್ದಾರೆ."

ವಿಜೇತ್ ಸ್ಕೂಟರ್ ತಿರುಗಿಸಿ, ಹತ್ತದೆ ನಿಂತ.

"ನಮಿ... ನಾನು ಗೇಟಿನವರೆಗಾ? ಒಳಗೆ ಬರ್ಬಹುದಾ?"

ಬೊಳ್ಳಿಯ ಹರಿದ ಕಿವಿಯನ್ನು ಸವರುತ್ತ ಅವಳು ಹೇಳಿದಳು.

"ನಿಮಗೆ ದಾರಿ ಗೊತ್ತುಂಟಲ್ಲ."