ನಿಲ್ಲದ ಪದ

೨೦೦೩ರ ಆಗಸ್ಟ್. ದೆಹಲಿಯ ಸರ್ಕಾರಿ ಕಚೇರಿಯೊಂದರಲ್ಲಿ ನಾನು ಗುಮಾಸ್ತೆ. ಕಾಣೆಯಾದ ಸೈನಿಕರ ಪಟ್ಟಿ ನನ್ನ ಕಂಪ್ಯೂಟರಿನಲ್ಲಿತ್ತು. ಹುಡುಕಾಟ ಮುಗಿಯುವ ಮೊದಲೇ ಸುಬೇದಾರ್ ಮಾಚಯ್ಯನವರ ಹೆಸರಿನ ಮುಂದೆ 'ಮೃತ' ಎಂದು ಬರೆಯಲು ನಮ್ಮ ಮೇಲಧಿಕಾರಿ ಕುಲಕರ್ಣಿ ಸಾಹೇಬರು ಹೇಳಿದರು. ಬರೆದೆ. ನಾನು ಮುಟ್ಟದಿದ್ದರೂ ಆ ಪದ ಒಂದೊಂದೇ ಅಕ್ಷರವಾಗಿ ಅಳಿಸಿಹೋಯಿತು. ಮತ್ತೆ ಬರೆದೆ, ಮತ್ತೆ ಅಳಿಸಿತು. ಆ ಸೆಕೆಯಲ್ಲೂ ಕೀಲಿಮಣೆ ತಣ್ಣಗೆ ಕೊರೆಯುತ್ತಿತ್ತು.

ಇಂಜಿನಿಯರ್ ಅನೂಪ್ ಬಂದು ನೋಡಿದ. "ಮೇಡಂ, ಸಾಫ್ಟ್‌ವೇರಿನಲ್ಲಿ ತೂತಿದೆ. ಎಲ್ಲೋ ಕೂತವನು ನೆಟ್‌ವರ್ಕಿನಿಂದ ಒಳಗೆ ಬಂದು ಏನು ಬೇಕಾದ್ರೂ ಮಾಡಬಹುದು. ಅದನ್ನು ಮುಚ್ಚೋ ಪ್ಯಾಚ್ ಹೋದ ತಿಂಗಳೇ ಬಂದಿತ್ತು."

"ಸುತ್ತೋಲೆ ನೋಡಿ, ಅದನ್ನು ಹಾಕಿಸಿ ಅಂತ ನಾನು ಸಾಹೇಬರಿಗೆ ಎರಡು ಸಲ ಬರೆದುಕೊಟ್ಟಿದ್ದೆ," ಎಂದೆ.

"ನೆಪ ಬೇಡ. ಅಳಿಸ್ತಿರೋದು ನೀವೇ," ಎಂದರು ಸಾಹೇಬರು.

ನನಗೆ ಮೈಯೆಲ್ಲ ಉರಿಯಿತು. "ಅಚ್ಛಾ, ಹಾಗಾದ್ರೆ ನೀವೇ ಬರೀರಿ," ಎಂದು ಎದ್ದು ಬಾಗಿಲ ಬಳಿ ನಿಂತೆ.

ಅನೂಪ್ ನೆಟ್‌ವರ್ಕಿನ ಕೇಬಲ್ ಕಿತ್ತು ಕೈಯಲ್ಲಿ ಹಿಡಿದುಕೊಂಡ. ಸಾಹೇಬರು ಕುರ್ಚಿಯಲ್ಲಿ ಕೂತು ಬರೆದು, ಕೈ ಹಿಂದೆಗೆದರು. ನಮ್ಮ ಮೂವರ ಎದುರಿಗೇ ಪದ ಅಳಿಸಿಹೋಯಿತು. ಅವರು ಎದ್ದು ಹೋದರು.

ಮರುದಿನ ಮೆಮೊ ಬಂತು. ಹಿಂದಿನ ದಿನ ಮಧ್ಯಾಹ್ನ ಮೂರೂ ಹತ್ತಕ್ಕೆ ದಾಖಲೆ ಅಳಿಸಿದ್ದು ನಾನಂತೆ. ಆ ಹೊತ್ತಿನಲ್ಲಿ ನನ್ನ ಕುರ್ಚಿಯಲ್ಲಿದ್ದವರು ಆ ಮೆಮೊಗೆ ಸಹಿ ಮಾಡಿದ ಸಾಹೇಬರೇ.

ನಾನು ನಿವೃತ್ತಳಾಗುವವರೆಗೂ ಮಾಚಯ್ಯನವರ ಹೆಸರಿನ ಮುಂದೆ ಆ ಪದ ನಿಲ್ಲಲಿಲ್ಲ.