ಹಲಗಮ್ಮನ ಹಣೆಯ ಗೆರೆಗಳು

ಬೆಟ್ಟಗಳು ಇನ್ನೂ ಒಂದಕ್ಕೊಂದು ಕೂಗಿ ಮಾತಾಡುತ್ತಿದ್ದ ಕಾಲದಲ್ಲಿ ಮೇಲುಗಿರಿ ಅಂತ ಒಂದು ರಾಜ್ಯವಿತ್ತು. ಅಲ್ಲಿ ರಾಣಿಯಿಂದ ಹಿಡಿದು ಕಸ ಗುಡಿಸುವವಳ ತನಕ ಎಲ್ಲ ಹೆಂಗಸರೂ ಶುಕ್ರವಾರ ಒಂದೇ ದೊಡ್ಡ ಬಚ್ಚಲುಮನೆಯಲ್ಲಿ ಎಣ್ಣೆ ಸ್ನಾನ ಮಾಡುತ್ತಿದ್ದರು. ಒಬ್ಬಳ ಮುಖಕ್ಕೆ ಇನ್ನೊಬ್ಬಳು ಹರಳೆಣ್ಣೆ ತಿಕ್ಕಬೇಕು. ತಿಕ್ಕುವಾಗ ಹೊಸ ಸುಕ್ಕೊಂದು ಬೆರಳಿಗೆ ಸಿಕ್ಕಿದರೆ ಅದರ ಮೇಲೆ ಅರಿಸಿನ ಎಳೆದು, “ಇದು ಯಾವುದೇ?” ಎಂದು ಕೇಳಬೇಕು. ಸುಕ್ಕಿನವಳು ಅದು ಬಂದ ಕತೆಯನ್ನು ಎಲ್ಲರ ಮುಂದೆ ಹೇಳಬೇಕು. ಗೆರೆಯಿಲ್ಲದ ಹುಡುಗಿಯರು ಇದನ್ನು ಕೇಳುತ್ತಾ ಹೊಟ್ಟೆಕಿಚ್ಚು ಪಡುತ್ತಿದ್ದರು.

ಆ ಬಚ್ಚಲುಮನೆಯ ಹಂಡೆಗಳಿಗೆ ಉರಿ ಹಾಕುವವಳು ಸಣ್ಣತಾಯಮ್ಮ. ನಲವತ್ತೈದಾದರೂ ಅವಳ ಮುಖದಲ್ಲಿ ಒಂದು ಗೆರೆ ಇರಲಿಲ್ಲ. ಒಲೆ ಮುಂದೆ ಕೂತು ಊರಿನ ಕತೆಯನ್ನೆಲ್ಲ ಕೇಳಿದ್ದೇ ಬಂತು, ತನ್ನದೊಂದು ಹೇಳುವ ಯೋಗ ಬರಲಿಲ್ಲವಲ್ಲ ಎಂದು ಒಳಗೊಳಗೇ ಕೊರಗುತ್ತಿದ್ದಳು. ಹೆಂಗಸರು ತಂದ ಕಡಲೆಹಿಟ್ಟು, ಹೆಸರುಹಿಟ್ಟು, ಅರಿಸಿನವನ್ನೆಲ್ಲ ಒಂದೇ ಮರಿಗೆಯಲ್ಲಿ ಸುರಿದು ಸೌಟಿನಲ್ಲಿ ಕಲಸುವುದೂ ಅವಳ ಕೆಲಸವೇ. ಯಾರು ಏನು ತಂದರು ಅಂತ ಕೇಳುವುದು ಆ ಊರಿನಲ್ಲಿ ಮರ್ಯಾದೆಯಲ್ಲ.

ಒಂದು ಶುಕ್ರವಾರ ಗುರುತಿಲ್ಲದ ಹೆಂಗಸೊಬ್ಬಳು ಒಂದು ಪುಟ್ಟ ಕುಡಿಕೆ ಹಿಡಿದು ಬಂದಳು. ಅದರಲ್ಲಿ ಬೆಳ್ಳಗಿನ ಲೇಪ. ಸಣ್ಣತಾಯಮ್ಮ ಏನೂ ಕೇಳದೆ ಅದನ್ನೂ ಮರಿಗೆಗೆ ಸುರಿದು ಕಲಸಿದಳು. ಎಲ್ಲರೂ ತಂಪಾಗಿದೆ ಎನ್ನುತ್ತಾ ಹಚ್ಚಿಕೊಂಡರು. ಕೊನೆಯಲ್ಲಿ ಸ್ನಾನ ಮಾಡುವ ಸಣ್ಣತಾಯಮ್ಮನ ಪಾಲಿಗೆ ಮರಿಗೆಯಲ್ಲಿ ಚೂರೂ ಉಳಿದಿರಲಿಲ್ಲ. ಅವಳು ಬರೀ ಸೀಗೆಪುಡಿಯಲ್ಲಿ ತಿಕ್ಕಿಕೊಂಡು ಮನೆಗೆ ಹೋದಳು.

ಮರುದಿನ ಬೆಳಿಗ್ಗೆ ಅತ್ತೆಗೆ ಗಂಜಿ ಕೊಡಲು ಹೋದವಳ ಕೈಯಿಂದ ಬಟ್ಟಲು ಜಾರಿ ಬಿತ್ತು. ಅತ್ತೆ ಹಲಗಮ್ಮನಿಗೆ ಎಪ್ಪತ್ತು ವರ್ಷ. ಸಾವಿರ ಹೆರಿಗೆ ಮಾಡಿಸಿದ ಸೂಲಗಿತ್ತಿ. ಆ ಮುಖ ಸಿಪ್ಪೆ ಸುಲಿದ ಮೊಟ್ಟೆಯ ಹಾಗೆ ನುಣ್ಣಗಾಗಿತ್ತು!

“ಅತ್ತೆಮ್ಮಾ! ಇದೇನ್ ಅತ್ತೆಮ್ಮಾ?”

“ಯಾರವ್ವ ನೀನು?” ಎಂದಳು ಹಲಗಮ್ಮ. ಆಮೇಲೆ, ಬಾಗಿಲಲ್ಲಿ ಸೊಂಟ ಹಿಡಿದು ನಿಂತಿದ್ದ ತುಂಬು ಬಸುರಿ ಮೊಮ್ಮಗಳು ಚೆಲುವಿಯನ್ನು ನೋಡಿ, “ಪಾಪ, ಈ ಹುಡುಗೀಗೆ ಹೊಟ್ಟೆ ಯಾಕೆ ಹಿಂಗೆ ಊದ್ಕೊಂಡದೆ?” ಎಂದು ಕೇಳಿದಳು.

ಚೆಲುವಿಗೆ ಬೆಳಗಿನ ಜಾವದಲ್ಲೇ ನೋವು ಶುರುವಾಗಿತ್ತು, ಮೇಲುಗಿರಿಯಲ್ಲಿ ಇನ್ನೊಬ್ಬ ಸೂಲಗಿತ್ತಿ ಇರಲಿಲ್ಲ. ಸಣ್ಣತಾಯಮ್ಮ ಬೀದಿಗೆ ಓಡಿದರೆ ಅಲ್ಲಿ ಇನ್ನೂ ಘೋರ. ಅರವತ್ತು ದಾಟಿದ ಹೆಂಗಸರೆಲ್ಲ ನುಣ್ಣನೆ ಮುಖ ಹೊತ್ತು ಕುಂಟೆಬಿಲ್ಲೆ ಆಡುತ್ತಿದ್ದರು. ರಾಣಿ ತನ್ನ ಮುದ್ರೆಯುಂಗುರವನ್ನೇ ಬಿಲ್ಲೆ ಮಾಡಿಕೊಂಡು ಕುಂಟುತ್ತಿದ್ದಳು. ಸುಕ್ಕಿನ ಜೊತೆ ಅವರು ಬದುಕಿದ ವರ್ಷಗಳೂ ಹೋಗಿದ್ದವು.

ಇದು ಆ ಬಿಳಿ ಲೇಪದ್ದೇ ಕೆಲಸ ಎಂದು ಸಣ್ಣತಾಯಮ್ಮ ನೇರ ಬಚ್ಚಲುಮನೆಗೆ ಹೋಗಿ, “ನಿನ್ನೊಳಗೆ ಏನಿತ್ತು, ಹೇಳು!” ಎಂದು ಮೂಲೆಯಲ್ಲಿ ಬಿದ್ದಿದ್ದ ಕುಡಿಕೆಯ ಮೇಲೆ ಕುದಿಯುವ ನೀರು ಹೊಯ್ದಳು.

“ಅಯ್ಯಯ್ಯೋ, ಸುಟ್ಟೆಯಲ್ಲೇ!” ಎಂದಿತು ಕುಡಿಕೆ. “ಹೇಳ್ತೀನಿ ತಡಿ. ಬಂದಿದ್ದು ಹೆಂಗಸಲ್ಲ, ಮೇಣಗುಡ್ಡದ ಮಾಂತ್ರಿಕ ಮೇಣಕೇತು. ಕದ್ದ ಗೆರೆಗಳಿಂದ ಅಂಗಿ ನೇಯ್ಕೊಂಡು ಅದನ್ನ ತೊಟ್ಟು ಒಂಬೈನೂರು ವರ್ಷದಿಂದ ಎಳೆಯನಾಗೇ ಇದ್ದಾನೆ. ಇವತ್ತು ಹೊತ್ತು ಮುಳುಗೋದ್ರೊಳಗೆ ನಿಮ್ಮ ಗೆರೆಗಳನ್ನೂ ಅದಕ್ಕೆ ಸೇರಿಸಿಬಿಡ್ತಾನೆ. ಆಮೇಲೆ ಅವು ವಾಪಸು ಬರೋದಿಲ್ಲ.”

ಮಾಡಿದ್ದು ನಾನೇ, ನನ್ನ ಕೈಯಾರೆ ಕಲಸಿದೆ ಎಂದು ಸಣ್ಣತಾಯಮ್ಮ ಹಣೆ ಚಚ್ಚಿಕೊಂಡಳು. ಅಳುತ್ತಾ ಕೂರಲು ಪುರಸೊತ್ತಿರಲಿಲ್ಲ. ಒಂದು ಬುರುಡೆ ಹರಳೆಣ್ಣೆ, ಒಂದು ಗಂಟು ಕಡಲೆಹಿಟ್ಟು ಕಟ್ಟಿಕೊಂಡು ಮೇಣಗುಡ್ಡದ ದಾರಿ ಹಿಡಿದಳು.

ಗುಡ್ಡದ ಬುಡದಲ್ಲಿ ಏಳು ಮಾರು ಉದ್ದದ ಸರ್ಪ ಅಡ್ಡ ಮಲಗಿತ್ತು. “ಮುಂದೆ ಬಂದರೆ ನುಂಗುತ್ತೇನೆ!” ಎಂದು ಬುಸುಗುಟ್ಟಿತು. ಅದರ ಪೊರೆ ಅರ್ಧಕ್ಕೇ ಒಣಗಿ ಸಿಕ್ಕಿಕೊಂಡಿತ್ತು. ಸಣ್ಣತಾಯಮ್ಮ, “ನುಂಗುವಿಯಂತೆ, ಮೊದ್ಲು ನೆಟ್ಟಗೆ ಮಲ್ಕೊ” ಎಂದು ಗದರಿ, ತಲೆಯಿಂದ ಬಾಲದ ತನಕ ಹರಳೆಣ್ಣೆ ನೀವಿದಳು. ಪೊರೆ ಸರ್ರನೆ ಕಳಚಿಬಿತ್ತು. ಸರ್ಪ ಹಾಯೆಂದು ಉಸಿರುಬಿಟ್ಟು ದಾರಿ ಕೊಟ್ಟಿತು.

ಗುಡ್ಡದ ನಡುವೆ ಒಂದು ಆನೆ. ಆನೆಯ ಮೈಯಲ್ಲಿ ಒಂದೇ ಒಂದು ಸುಕ್ಕಿರಲಿಲ್ಲ, ಬದನೆಕಾಯಿಯ ಹಾಗೆ ನುಣ್ಣಗೆ ಮಿಂಚುತ್ತಿತ್ತು. ಮೇಣಕೇತು ಅದನ್ನೂ ಬಿಟ್ಟಿರಲಿಲ್ಲ. “ಮೈ ಉರೀತದೆ ತಾಯಿ,” ಎಂದು ಆನೆ ಕಣ್ಣೀರು ಸುರಿಸಿತು, “ಎಷ್ಟು ಕೆಸರು ಎರಚಿಕೊಂಡರೂ ಜಾರಿ ಹೋಗ್ತದೆ. ಈ ಸಂಕಟಕ್ಕೆ ಹತ್ತಿರ ಬಂದವರನ್ನೆಲ್ಲ ತುಳೀತೀನಿ.” ಸಣ್ಣತಾಯಮ್ಮ ಕೆಸರಿಗೆ ಕಡಲೆಹಿಟ್ಟು ಸೇರಿಸಿ ಕಲಸಿ ಅದರ ಮೈಗೆಲ್ಲ ಮೆತ್ತಿದಳು. ಅದು ಅಂಟಿಕೊಂಡು ಮೈ ತಣ್ಣಗಾಯಿತು. ಆನೆ ಪಕ್ಕಕ್ಕೆ ಸರಿಯಿತು.

ಗುಡ್ಡದ ತುದಿಯ ಮನೆಯಲ್ಲಿ ಮೇಣಕೇತು ಮಗ್ಗದ ಮುಂದೆ ಕೂತಿದ್ದ. ದೊಡ್ಡ ಮೈ, ಹಾಲುಗಲ್ಲದ ಮುಖ. ಮೈಮೇಲಿನ ಅಂಗಿಯ ಅಂಚು ಇನ್ನೂ ಮಗ್ಗದಲ್ಲೇ ಇತ್ತು. ಸುತ್ತಲೂ ಬಿದಿರು ಗಳುಗಳಲ್ಲಿ ಸಾವಿರಾರು ಗೆರೆಗಳು ನೂಲಿನಂತೆ ನೇತಾಡುತ್ತಿದ್ದವು.

“ನಮ್ಮ ಅತ್ತೆಮ್ಮನ ಗೆರೆ ಕೊಡು,” ಎಂದಳು ಸಣ್ಣತಾಯಮ್ಮ. “ನಿನ್ನ ಅತ್ತೆಯ ಗೆರೆಗಳನ್ನು ಆರಿಸಿಕೋ,” ಎಂದು ಅವನು ನಕ್ಕ. “ಒಂದು ತಪ್ಪಿದರೂ ನಿನ್ನ ಮುಖವೇ ನನ್ನದು.”

ಎಲ್ಲವೂ ಒಂದೇ ಥರ ಕಾಣುತ್ತಿದ್ದವು. ಆಗ ಶುಕ್ರವಾರದ ಮಾತು ತಾನಾಗಿ ಸಣ್ಣತಾಯಮ್ಮನ ನಾಲಿಗೆಗೆ ಬಂತು.

“ಹರಿಗೋಲಲ್ಲಿ ಹೆರಿಗೆ ಮಾಡ್ಸಿ, ಒಂದು ಕೈಲಿ ಮಗು ಇನ್ನೊಂದು ಕೈಲಿ ಹುಟ್ಟು ಹಿಡ್ಕೊಂಡು ದಡ ಸೇರಿದ್ದು, ಅದು ಯಾವುದೇ?”

ಒಂದು ಗೆರೆ ಪುಟಿದು ಅವಳ ಅಂಗೈಗೆ ಬಂತು.

“ಮಾವ ಕತ್ತಲೇಲಿ ಮೊಸರು ಗಡಿಗೆ ಮೇಲೆ ಕೂತಾಗ ನಕ್ಕಿದ್ದು?”

ಎರಡನೆಯದು ಬಂತು. ಮೇಣಕೇತುವಿನ ನಗು ನಿಂತಿತು. ಮೂರನೆಯದಕ್ಕೆ ಅವಳು ಬಾಯಿ ತೆರೆಯುವಷ್ಟರಲ್ಲಿ ಅವನು ಕೈ ಅಡ್ಡ ಹಿಡಿದ. “ಅದೊಂದನ್ನು ಬಿಟ್ಟುಬಿಡು. ಬರೀ ದುಃಖ ಅದು. ಮುದುಕಿ ಸುಖವಾಗಿರಲಿ.”

ಸಣ್ಣತಾಯಮ್ಮ ಚಾಚಿದ ಕೈಯನ್ನು ಅರ್ಧಕ್ಕೆ ಹಿಂದೆಳೆದಳು. ಆ ಕತೆ ಹೇಳುವಾಗ ಅತ್ತೆ ಅತ್ತದ್ದನ್ನು ಅವಳು ನೋಡಿದ್ದಳು.

“ಹೊಕ್ಕುಳಬಳ್ಳಿ ಕುತ್ತಿಗೆಗೆ ಸುತ್ಕೊಂಡು ಒಂದು ಮಗು ಅತ್ತೆ ಕೈಲೇ ಹೋಯ್ತು. ಅವತ್ತು ತುಟಿ ಕಚ್ಚಿದ ಗೆರೆ ಅದು. ಅದನ್ನ ನೆನೆಸ್ಕೊಂಡೇ ಆಮೇಲೆ ಎಷ್ಟೋ ಮಕ್ಕಳ ಬಳ್ಳಿ ಬಿಡಿಸಿದ್ರು. ನಂಗೆ ಅದೂ ಬೇಕು!”

ಗೆರೆ ಬಂತು. ಅದರ ಹಿಂದೆ ಹಲಗಮ್ಮನ ಉಳಿದ ಗೆರೆಗಳೆಲ್ಲ ಬಂದವು. ಅವಳು ಅಲ್ಲಿಗೇ ಬಿಡಲಿಲ್ಲ. ರಾಣಿಯದು, ಅಗಸಗಿತ್ತಿಯದು, ಹೂವಾಡಗಿತ್ತಿಯದು ಎಂದು ಮೂವತ್ತು ವರ್ಷ ಒಲೆ ಮುಂದೆ ಕೇಳಿದ್ದನ್ನೆಲ್ಲ ಹೇಳುತ್ತಾ ಹೋದಳು. ಗಳುಗಳು ಬರಿದಾದವು. ಮಗ್ಗದಲ್ಲಿದ್ದ ಎಳೆಗಳೂ ಕಿತ್ತುಕೊಂಡು ಬಂದವು, ಅವುಗಳ ಜೊತೆಗೆ ಅಂಗಿಯೇ ಅಂಚಿನಿಂದ ಸರಸರ ಬಿಚ್ಚಿಕೊಂಡಿತು. ಮೇಣಕೇತು ಎರಡೂ ಕೈಯಲ್ಲಿ ಅದನ್ನು ಅವುಚಿಕೊಂಡ.

“ನಿಂದು ಯಾವುದಯ್ಯ ಇದರಲ್ಲಿ?” ಎಂದು ಅವಳು ಕೇಳಿದಳು.

ಅವನು ಹುಡುಕಿದ. ಒಂದೂ ಇರಲಿಲ್ಲ. ಅಂಗಿ ಪೂರ್ತಿ ಬಿಚ್ಚಿಹೋದಾಗ ನೆಲದ ಮೇಲೆ ಎಳೆಗೂಸೊಂದು ಕಿಟಾರನೆ ಅಳುತ್ತಾ ಬಿದ್ದಿತ್ತು. ಸಣ್ಣತಾಯಮ್ಮ ಬೆಚ್ಚಿಬಿದ್ದಳು. ಆದರೂ ಬಿಟ್ಟು ಬರಲು ಮನಸ್ಸಾಗದೆ ಸೆರಗಿನಲ್ಲಿ ಸುತ್ತಿಕೊಂಡಳು. ಹೊರಗೆ ಸುಕ್ಕು ಮರಳಿದ ಆನೆ ಮಂಡಿಯೂರಿ ಕಾದಿತ್ತು. ಹೊತ್ತು ಮುಳುಗುವ ಮೊದಲು ಅದು ಅವಳನ್ನು ಮನೆಗೆ ಮುಟ್ಟಿಸಿತು. ಗೆರೆಗಳು ಅವರವರ ಮುಖ ಹುಡುಕಿಕೊಂಡು ಹೋದವು.

ಗೆರೆಗಳು ಹಲಗಮ್ಮನ ಮುಖಕ್ಕೆ ಕೂತಿದ್ದೇ ತಡ, ಅವಳು ಸೆರಗು ಸಿಕ್ಕಿಸಿ, “ನೀರು ಕಾಯ್ಸು, ನಿಂತ್ಕೊಂಡು ನೋಡ್ತಾಳೆ!” ಎಂದು ಸೊಸೆಯ ಮೇಲೆ ರೇಗಿದಳು. ಆ ಬೈಗುಳ ಕೇಳಿ ಸಣ್ಣತಾಯಮ್ಮನಿಗೆ ಅಳುವೇ ಬಂತು. ಚೆಲುವಿಯ ಮಗುವಿನ ಕುತ್ತಿಗೆಗೆ ಬಳ್ಳಿ ಎರಡು ಸುತ್ತು ಬಿದ್ದಿತ್ತು. ಹಲಗಮ್ಮನ ಬೆರಳು ಸದ್ದಿಲ್ಲದೆ ಒಳಗೆ ಹೋಗಿ ಎರಡನ್ನೂ ಬಿಡಿಸಿತು. ಹೆಣ್ಣು ಮಗು ಮನೆ ಹಾರಿಹೋಗುವ ಹಾಗೆ ಕಿರುಚಿತು.

ಮುಂದಿನ ಶುಕ್ರವಾರ ಬಚ್ಚಲುಮನೆ ತುಂಬಿತ್ತು. ಮರಿಗೆಗೆ ಬೀಳುವ ಪ್ರತಿ ಹಿಡಿಯನ್ನೂ ಸಣ್ಣತಾಯಮ್ಮ ಮೂಸಿ, ಏನಿದು ಎಂದು ಕೇಳಿಯೇ ಕಲಸಿದಳು. ರಾಣಿಯನ್ನೂ ಕೇಳಿದಳು, ರಾಣಿ ತೆಪ್ಪಗೆ ಉತ್ತರ ಕೊಟ್ಟಳು. ಕೊನೆಯಲ್ಲಿ ಹಲಗಮ್ಮ ಸೊಸೆಯ ಹಣೆಗೆ ಎಣ್ಣೆ ತಿಕ್ಕುತ್ತಿದ್ದವಳು ಗಕ್ಕನೆ ಕೈ ನಿಲ್ಲಿಸಿ, ಅರಿಸಿನ ತೆಗೆದು ಎರಡು ಹುಬ್ಬುಗಳ ನಡುವೆ ಎಳೆದಳು.

“ಇದು ಯಾವುದೇ?”

ಸಣ್ಣತಾಯಮ್ಮ ಬೆರಳಿಂದ ಮುಟ್ಟಿ ನೋಡಿಕೊಂಡಳು. ಹೌದು, ಗೆರೆ! ಅವಳ ಕಣ್ಣು ತುಂಬಿ ಬಂತು.

“ಹೇಳ್ತೀನಿ ಅತ್ತೆಮ್ಮ,” ಎಂದಳು. “ಕಳೆದ ಶುಕ್ರವಾರ ನಾನೊಂದು ಕುಡಿಕೆ ಕಲಸಿದೆ, ಏನೂ ಕೇಳ್ದೆ…”

ಮೇಲುಗಿರಿಯವರು ಸುಖವಾಗಿ ಬದುಕಿದರು, ಸುಖವಾಗಿ ಮುದುಕರಾದರು. ಗುಡ್ಡದಿಂದ ಬಂದ ಕೂಸೂ ಅವರ ನಡುವೆ ಬೆಳೆದು, ಕಾಲ ಬಂದಾಗ ಎಲ್ಲರಂತೆ ಮುದುಕನಾಯಿತು.