ನೆಲಗುಬ್ಬಿಯ ನೆರಳು

ಅಂದು ಮುಂಜಾನೆ ಸುರೇಬಾನದ ಹೊಲಗಳ ಮೇಲೆ ಮಂಜು ಹಾಲಿನ ಕೆನೆಯಂತೆ ಕಟ್ಟಿತ್ತು. ಹೊತ್ತೇರಿದ್ದೇ ತಡ, ಎಲ್ಲ ಕರಗಿಹೋಯಿತು. ಕಡಲೆ ಹೊಲದ ಬದುವಿನಲ್ಲಿ ಬೋರಲು ಮಲಗಿದ್ದ ಸಪ್ನಾಳ ಬೆನ್ನು ಆಗಲೇ ಚುರುಗುಟ್ಟುತ್ತಿತ್ತು.

ಅವಳ ಕೈಯಲ್ಲಿ ಕಾಂತೇಶ ಕಾಕಾನ ಕ್ಯಾಮೆರಾ. ಕಾಡುಮೇಡು ತಿರುಗಿ ಪ್ರಾಣಿಪಕ್ಷಿಗಳ ಡಾಕ್ಯುಮೆಂಟರಿ ತೆಗೆಯುವ ಕಾಕಾ ಮಧ್ಯಾಹ್ನದ ಬಸ್ಸಿಗೆ ಹೊರಡುವವನಿದ್ದ. "ತಾಯಿ ಮರಿಗೆ ಗುಟುಕು ಕೊಡೂ ಶಾಟ್ ತಗದ್ಯಂದ್ರ, ನನ್ನ ಫಿಲ್ಮಿನ್ಯಾಗ ನಿನ್ನ ಹೆಸರು ಹಾಕತೇನಿ" ಎಂದು ಹೇಳಿ, ಬ್ಯಾಗು ತುಂಬಲು ಮನೆಗೆ ಹೋಗಿದ್ದ.

ಎತ್ತಿನ ಗೊರಸು ಒತ್ತಿದ ಕುಳಿಯಲ್ಲಿ ನೆಲಗುಬ್ಬಿಯ ಗೂಡು. ಒಳಗೆ ಎರಡು ಬೋಳು ಮರಿ. ಅಡ್ಡ ಬಂದ ಹುಲ್ಲಿನ ಪೊದೆಯನ್ನು ಸಪ್ನಾ ಬೇರುಸಹಿತ ಕಿತ್ತು ಬದಿಗೆಸೆದಿದ್ದಳು. ಈಗ ಸ್ಕ್ರೀನಿನಲ್ಲಿ ಎಲ್ಲ ಕ್ಲಿಯರ್!

ತಾಯಿ ಮಾತ್ರ ಇಳಿಯಲೊಲ್ಲದು. ಬಾಯಲ್ಲಿ ಹುಳ ಹಿಡಿದು ಹತ್ತಿರ ಬರುತ್ತಿತ್ತು, ಮತ್ತೆ ಮೇಲಕ್ಕೆ ಹಾರುತ್ತಿತ್ತು.

ರೊಟ್ಟಿಗಂಟು ಹೊತ್ತು ಬಂದ ಅಜ್ಜಿ ಬಾಯವ್ವ ಪಕ್ಕದಲ್ಲಿ ಕುಳಿತಳು.

"ಆಯಿ, ಈ ಗುಬ್ಬಿಗೆ ಆಕ್ಟಿಂಗ್ ಬರೂದಿಲ್ಲ ನೋಡು."

"ನಿನಗ ಬರತೈತಲ್ಲ, ನೀನ ಹುಳಾ ತಿನ್ನು!"

"ಏ, ಸುಮ್ನ ಕುಂದ್ರು ಆಯಿ! ಸೌಂಡ್ ಬರತೈತಿ."

ಬಾಯವ್ವ ಹೊಲದ ಉದ್ದಕ್ಕೂ ಕಣ್ಣು ಹಾಯಿಸಿದಳು. ದನಿ ತಾನಾಗಿಯೇ ಮೆತ್ತಗಾಯಿತು. "ನಿಮ್ಮಜ್ಜಾರು ಇಲ್ಲೇ ಎತ್ತು ಕಟ್ಟಿ, ಕಸಾ ತಗ್ಯಾಕ ಎಡಿ ಹೊಡೀತಿದ್ರು. ಗೂಡು ಕಂಡ್ರ ಸಾಕು, ಎತ್ತು ಹೊಳ್ಳಸ್ತಿದ್ರು. ಸುತ್ತ ಒಂದು ಹಾಸಿಗಿಯಷ್ಟು ನೆಲಾ ಹಂಗ ಬಿಡೂದು. 'ಕಸಾ ಬೆಳದೈತಲ್ರಿ' ಅಂತ ನಾ ಅಂದ್ರ, 'ಅದು ಶಿವ ಹಾಕಿದ ಚಪ್ಪರ, ನಾ ಹೆಂಗ ಕೀಳಲಿ' ಅಂತಿದ್ರು. ನಿಮ್ಮ ಕಾಕಾ ಆಗ ಇಷ್ಟ ಸಣ್ಣಾಂವ ಇದ್ದ. ಅವರ ಹೆಗಲ ಮ್ಯಾಲ ಕುಂತು ನೋಡಾಂವ."

ಸಪ್ನಾ ಝೂಮ್ ಮಾಡಿದಳು. ಮರಿಗಳ ಬಾಯಿ ಅಗಲಕ್ಕೆ ತೆರೆದಿತ್ತು. ಹಸಿವೆಂದು ಅಷ್ಟು ಹೊತ್ತು ಅಂದುಕೊಂಡಿದ್ದಳು. ಅವು ಏದುತ್ತಿದ್ದವು. ಒಂದರ ಕುತ್ತಿಗೆ ಗೂಡಿನ ಅಂಚಿಗೆ ಜೋತುಬಿದ್ದಿತ್ತು. ಗೂಡಿನ ತುಂಬ ಬಿಸಿಲು.

ದೂರದಿಂದ ಕಾಕಾನ ಕೂಗು ಕೇಳಿತು. "ಸಪ್ನಾ! ಶಾಟ್ ಸಿಕ್ತೇನ? ಬಸ್ಸಿಗೆ ಹೊತ್ತಾತು!"

ಅವಳು ಅಜ್ಜಿಯ ಮುಖ ನೋಡಿದಳು.

ಸಪ್ನಾ ಕ್ಯಾಮೆರಾ ಆಫ್ ಮಾಡಿ ಎದ್ದಳು. ಬಿದ್ದಿದ್ದ ಹುಲ್ಲಿನ ಪೊದೆಯನ್ನು ಎತ್ತಿಕೊಂಡು, ಗೂಡಿಗೆ ತನ್ನ ಮೈಯನ್ನೇ ಮರೆ ಮಾಡಿ ಕುಳಿತಳು. ಉಗುರಿನಿಂದ ಮಣ್ಣು ಕೆದರಿ, ಕಿತ್ತ ಜಾಗದಲ್ಲೇ ಅದನ್ನು ಊರಿ, ಎರಡೂ ಅಂಗೈಯಿಂದ ಮೆಲ್ಲಗೆ ಒತ್ತಿದಳು.

ಅಂಗೈಯಗಲ ನೆರಳು ಆ ಎರಡು ಪುಟ್ಟ ತಲೆಗಳ ಮೇಲೆ ಬಿತ್ತು. ಸಪ್ನಾ ಸದ್ದಿಲ್ಲದೆ ಹಿಂದೆ ಸರಿದಳು.